ಬೆಸಗರಹಳ್ಳಿಗೆ ಹೊರಟ ಹೆಪ್ಪು

ರೈಲು ಮದ್ದೂರು ಮುಟ್ಟುವ ಮೊದಲೇ ವಡೆ ಮಾರುವವರ ಕೂಗು ಬೋಗಿಯೊಳಗೆ ಕೇಳತೊಡಗುತ್ತದೆ. ಬೆಂಗಳೂರಿನಿಂದ ಈ ಕಡೆ ಬಂದಾಗಲೆಲ್ಲ ಎರಡು ವಡೆ ತಿಂದೇ ಇಳಿಯುವುದು ನನ್ನ ಪದ್ಧತಿ. ಈ ಸಲ ಮಾತ್ರ ಕೈ ಬಿಡುವಿರಲಿಲ್ಲ. ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಹತ್ತಿ, ಹತ್ತಿಯ ನಡುವೆ ಎರಡು ಗಾಜಿನ ನಳಿಕೆ.

"ಅದೇನವ್ವ, ಅಂಗೆ ಅವಚ್ಕಂಡು ಕೂತಿದ್ದೀಯ?" ಎಂದು ಎದುರು ಸೀಟಿನ ಅಜ್ಜಿ ಕೇಳಿದರು.

"ಹೆಪ್ಪು ಅಜ್ಜಿ. ಅಣಬೆ ಹೆಪ್ಪು."

"ಮೊಸ್ರಿಗೆ ಹೆಪ್ಪು ಗೊತ್ತು. ಅಣಬೆಗೂ ಐತಾ?"

ಇದೆ. ನಳಿಕೆಯ ತಳದಲ್ಲಿ ಓರೆಯಾಗಿ ಗಟ್ಟಿಯಾದ ಗಂಜಿಯಂಥ ವಸ್ತು, ಅದರ ಮೇಲೆ ಬೂದುಬಿಳಿ ಬಣ್ಣದ ನವಿರಾದ ಎಳೆಗಳು. ಅದೇ ಅಣಬೆಯ ನಿಜವಾದ ದೇಹ. ನಾವು ಕಿತ್ತು ಸಾರು ಮಾಡುವ ಕೊಡೆ ಅದರ ಹಣ್ಣಿದ್ದಂತೆ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ ಗೆಳತಿಯಿಂದ ಬೇಡಿ ತಂದಿದ್ದೆ. ಬೇಡುವಂತಾದದ್ದು ನನ್ನದೇ ತಪ್ಪಿನಿಂದ.

ಸಂಕ್ರಾಂತಿಗೆ ಬೆಸಗರಹಳ್ಳಿಯ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಚಿಕ್ಕಮ್ಮನ ಮಗಳು, ಅಂದರೆ ನನ್ನ ತಂಗಿ, ಅಲ್ಲಿ ಅಣಬೆ ಬೆಳೆಯುತ್ತಾಳೆ. ಅವಳ ಫ್ರಿಜ್‌ನಲ್ಲಿ ಚಿಪ್ಪು ಅಣಬೆಯ ನಳಿಕೆಗಳು ಸಾಲಾಗಿ ನಿಂತಿದ್ದವು. ಆದರೆ ಎರಡು ನಳಿಕೆ ಮಾತ್ರ ಅಡುಗೆಮನೆಯ ಗೋಡೆಗೂಡಿನಲ್ಲಿ, ಒಲೆಯ ಪಕ್ಕದಲ್ಲೇ ಇದ್ದವು. ಪಾಪ, ಮರೆತಿದ್ದಾಳೆ ಅಂದುಕೊಂಡು, ಹೊರಡುವ ಹಿಂದಿನ ರಾತ್ರಿ ಅವನ್ನೂ ಫ್ರಿಜ್‌ಗೆ ಸೇರಿಸಿದೆ. ಯಾರಿಗೂ ಹೇಳಲಿಲ್ಲ.

ಅವು ಭತ್ತದ ಹುಲ್ಲಿನ ಅಣಬೆಯವು. ಚಿಪ್ಪು ಅಣಬೆಯ ಎಳೆಗಳು 4 ಡಿಗ್ರಿಯ ತಂಪಿನಲ್ಲಿ ಕೆಲವು ತಿಂಗಳು ನಿದ್ದೆ ಹೋಗಿ, ಬೆಚ್ಚಗಾದಾಗ ಮತ್ತೆ ಏಳುತ್ತವೆ. ಹುಲ್ಲಿನ ಅಣಬೆ ಉಷ್ಣದ ನಾಡಿನದು. 30ರಿಂದ 35 ಡಿಗ್ರಿಯಲ್ಲಿ ಅದಕ್ಕೆ ಹಬ್ಬ. 4 ಡಿಗ್ರಿಯಲ್ಲಿ ಅದು ಮಲಗುವುದಿಲ್ಲ, ಸಾಯುತ್ತದೆ.

ಫೆಬ್ರವರಿಯಲ್ಲಿ ತಂಗಿ ಅದರಿಂದ ಆರು ತಟ್ಟೆಗೆ ಹೆಪ್ಪು ಹಾಕಿದಳಂತೆ. ಒಂದರಲ್ಲೂ ಎಳೆ ಹೊರಡಲಿಲ್ಲ. ನಳಿಕೆ ಫ್ರಿಜ್‌ನಲ್ಲಿ ಸಿಕ್ಕಿದ್ದರಿಂದ ಒಂಬತ್ತು ವರ್ಷದ ಮಗಳದ್ದೇ ಕಿತಾಪತಿ ಎಂದು ಬಲವಾಗಿ ಬೈದಳಂತೆ. ಫೋನಿನಲ್ಲಿ ಇದನ್ನೆಲ್ಲ ಕೇಳಿಸಿಕೊಂಡೂ ನಾನು ಸುಮ್ಮನಿದ್ದೆ. ಎರಡು ದಿನ ನಿದ್ದೆ ಬರಲಿಲ್ಲ. ಮೂರನೆಯ ದಿನ ಫೋನ್ ಮಾಡಿ ಒಪ್ಪಿಕೊಂಡೆ.

"ಬುಡಕ್ಕ, ಗೊತ್ತಿಲ್ದೆ ಆಯ್ತು" ಎಂದಳು ತಂಗಿ. ಮಗಳು ಮಾತ್ರ ಫೋನಿಗೆ ಬರಲಿಲ್ಲ.

ಹೀಗೆ ಮಾರ್ಚ್ ಕೊನೆಯ ಶನಿವಾರ ಡಬ್ಬಿ ಹಿಡಿದು ಹೊರಟಿದ್ದೆ. ಬೇಸಿಗೆ ಏರುತ್ತಿತ್ತು. ಬಿಸಿಲು ಬಲಿತರೆ ಚಿಪ್ಪು ಅಣಬೆ ಕೈಕೊಡುತ್ತದೆ. ಆ ತಿಂಗಳುಗಳಲ್ಲಿ ಮನೆಗೆ ದುಡ್ಡು ತರುವುದು ಹುಲ್ಲಿನ ಅಣಬೆಯೇ.

ಮದ್ದೂರಿನಿಂದ ಬೆಸಗರಹಳ್ಳಿಗೆ ಬಸ್ ಹಿಡಿದೆ. ಕಬ್ಬು, ತೆಂಗು, ಹಿಪ್ಪುನೇರಳೆ, ನಡುನಡುವೆ ಗದ್ದೆಯಂಚಿನಲ್ಲಿ ಹುಲ್ಲಿನ ಮೆದೆ. ವೈದ್ಯರಾಗಿದ್ದುಕೊಂಡೇ ಹಳ್ಳಿಯ ಬದುಕನ್ನು ಕಥೆಯಾಗಿಸಿದ ಡಾ. ಬೆಸಗರಹಳ್ಳಿ ರಾಮಣ್ಣನವರ ಹೆಸರಿನೊಂದಿಗೆ ಈ ಊರನ್ನು ಬಹಳ ಜನ ಬಲ್ಲರು. ನನಗೆ ಮಾತ್ರ ಇದು ಚಿಕ್ಕಮ್ಮನ ಹುಳುಮನೆಯ ಊರು. ಅಲ್ಲಿ ರೇಷ್ಮೆಹುಳು ಹಿಪ್ಪುನೇರಳೆ ಸೊಪ್ಪು ಮೇಯುವಾಗ ಕೇಳುವ ಸಣ್ಣ ಮಳೆಯಂಥ ಸದ್ದು ಬಾಲ್ಯದಲ್ಲಿ ನನಗೆ ಜೋಗುಳವಾಗಿತ್ತು.

ಈಗ ಆ ಹುಳುಮನೆಯೇ ಅಣಬೆಮನೆ. ಚಂದ್ರಿಕೆಗಳು ಅಟ್ಟ ಸೇರಿವೆ. ಬಾಗಿಲಲ್ಲಿ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಚೆಲ್ಲುವ ರೂಢಿ ಹಾಗೇ ಉಳಿದಿದೆ. "ಕಾಲ್ ತೊಳ್ಕಂಡು ಬಾ" ಎಂಬ ಚಿಕ್ಕಮ್ಮನ ಗದರಿಕೆಯೂ ಉಳಿದಿದೆ. ತಂಗಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ತರಬೇತಿ ಪಡೆದವಳು. "ಅಲ್ಲಿ ಹೇಳ್ಕೊಟ್ಟ ಶುಚಿಯೆಲ್ಲ ಅವ್ವ ಮೊದ್ಲೇ ಹೇಳ್ಕೊಟ್ಟಿದ್ಲು" ಎನ್ನುತ್ತಾಳೆ.

ಮಗಳು ಜಗಲಿಯ ಮೇಲೆ ಕುಳಿತಿದ್ದಳು. ಡಬ್ಬಿಯನ್ನು ಅವಳ ಕೈಗೇ ಕೊಟ್ಟೆ. "ತಪ್ಪು ನಂದು ಪುಟ್ಟಿ. ನಿನಗೆ ಬೈಗುಳ ಬಿತ್ತು."

ಅವಳು ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. "ಮೊದ್ಲೇ ಹೇಳ್ಬೇಕಿತ್ತು ದೊಡ್ಡಮ್ಮ ನೀನು" ಎಂದಳು. ಆಮೇಲೆ, "ತಟ್ಟೆ ಎಲ್ಲಾ ನೀನೇ ತೊಳಿ" ಎಂದು ತೀರ್ಪು ಕೊಟ್ಟಳು.

ತೊಳೆದೆ. ಎಂಟು ಗಾಜಿನ ಪೆಟ್ರಿ ತಟ್ಟೆಗಳು, ಮುಚ್ಚಳ ಸಮೇತ. ಅಷ್ಟರಲ್ಲಿ ತಂಗಿ ಅಣಬೆಗೆ ಅಡುಗೆ ಮಾಡಿದಳು. 50 ಗ್ರಾಂ ಆಲೂಗಡ್ಡೆ ಹೆಚ್ಚಿ, ಬೇಯಿಸಿ, ಸೋಸಿದ ತಿಳಿಗೆ 5 ಗ್ರಾಂ ಗ್ಲೂಕೋಸ್, 5 ಗ್ರಾಂ ಅಗರ್. ಎಲ್ಲ ಸೇರಿ ಕಾಲು ಲೀಟರ್. ಅದನ್ನು ಸೀಸೆಗೆ ಸುರಿದು, ಬಾಯಿಗೆ ಹತ್ತಿ ತುರುಕಿ, ಕಾಗದ ಸುತ್ತಿದ ತಟ್ಟೆಗಳ ಜೊತೆ ದೊಡ್ಡ ಪ್ರೆಷರ್ ಕುಕ್ಕರಿನಲ್ಲಿ 20 ನಿಮಿಷ ಇಟ್ಟಳು. ಬರೀ ಕುದಿಯುವ ನೀರು 100 ಡಿಗ್ರಿಯಲ್ಲೇ ನಿಲ್ಲುತ್ತದೆ. ಒತ್ತಡದಲ್ಲಿ ಹಬೆ 121 ಡಿಗ್ರಿಗೆ ಏರುತ್ತದೆ. ಕುದಿನೀರಿಗೆ ಜಗ್ಗದ ಸೂಕ್ಷ್ಮಜೀವಿಗಳ ಬೀಜಕಣವೂ ಅಲ್ಲಿ ಉಳಿಯದು.

ಕುಕ್ಕರ್ ಆರುವವರೆಗೆ ಪುಟ್ಟಿಗೆ ಒಂದು ಕಥೆ ಹೇಳಿದೆ. ಅಗರ್ ಎಂದರೆ ಕಡಲಪಾಚಿಯಿಂದ ತೆಗೆದದ್ದು. ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವುದೂ ಅದೇ. 1881ರಲ್ಲಿ ಜರ್ಮನಿಯ ವಾಲ್ಟರ್ ಹೆಸ್ಸೆ ಎಂಬ ವೈದ್ಯ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸಲು ಹೆಣಗುತ್ತಿದ್ದ. ಆಗ ಬಳಸುತ್ತಿದ್ದ ಜೆಲಟಿನ್ ಬೇಸಿಗೆಯ ಸೆಕೆಗೆ ಕರಗಿ ನೀರಾಗುತ್ತಿತ್ತು. "ನಿನ್ನ ಜೆಲ್ಲಿ ಮಾತ್ರ ಹೇಗೆ ಕರಗುವುದಿಲ್ಲ?" ಎಂದು ಹೆಂಡತಿ ಫ್ಯಾನಿಯನ್ನು ಕೇಳಿದ. ಅವಳು ಅಡುಗೆಯಲ್ಲಿ ಬಳಸುತ್ತಿದ್ದದ್ದು ಅಗರ್. ಅದನ್ನು ಕಲಿತದ್ದು ಬಾಲ್ಯದಲ್ಲಿ, ಜಾವಾ ದ್ವೀಪದಲ್ಲಿ ಇದ್ದು ಬಂದ ನೆರೆಮನೆಯವರಿಂದ. ಅಗರ್ ಕರಗಲು 85 ಡಿಗ್ರಿಯಷ್ಟು ಶಾಖ ಬೇಕು. ಒಮ್ಮೆ ಗಟ್ಟಿಯಾದರೆ ನಮ್ಮ ಮಂಡ್ಯದ ಬಿಸಿಲಿಗೂ ಕರಗದು. ಮುಚ್ಚಳದ ತಟ್ಟೆಯನ್ನು ಅದೇ ಪ್ರಯೋಗಾಲಯದ ಜೂಲಿಯಸ್ ಪೆಟ್ರಿ 1887ರಲ್ಲಿ ಪ್ರಕಟಿಸಿದ.

"ಅಂದ್ರೆ ಪಕ್ಕದ್ಮನೆ ಅಡ್ಗೆ!" ಎಂದಳು ಪುಟ್ಟಿ.

ಸಂಜೆ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ ಕುಳಿತೆವು. ಕೈ ತಡೆಯುವಷ್ಟು ಆರಿದ್ದ ಅಗರನ್ನು ತಂಗಿ ತಟ್ಟೆಗಳಿಗೆ ಸುರಿದಳು. ಗಟ್ಟಿಯಾದ ಮೇಲೆ ಹೆಪ್ಪು ಹಾಕುವ ಕೆಲಸ. ಕೈ ಒರೆಸಿಕೊಂಡ ಸ್ಪಿರಿಟ್ ಪೂರ್ತಿ ಆರಿದ ಮೇಲಷ್ಟೇ ದೀಪ ಹಚ್ಚಿದಳು. ಬೆಂಕಿ, ಬ್ಲೇಡು ದೊಡ್ಡವರ ಕೈಯಲ್ಲೇ ಇರಬೇಕು. ಪುಟ್ಟಿಯ ಪಾಲಿಗೆ ಪೆನ್ನು, ಚೀಟಿ.

ತೆಳ್ಳನೆಯ ಚಾಕುವನ್ನು ಕೆಂಪಗೆ ಕಾಯಿಸಿ ಆರಿಸಿದಳು. ನಳಿಕೆಯ ಬಾಯನ್ನು ಉರಿಯ ಹತ್ತಿರ ಹಿಡಿದು, ಒಳಗಿಂದ ಅಕ್ಕಿಕಾಳಿನಷ್ಟು ಚೂರು ಕೊಯ್ದಳು. ಹೊಸದಾಗಿ ಬೆಳೆಯುತ್ತಿರುವ ಅಂಚಿನಿಂದಲೇ ಕೊಯ್ಯಬೇಕು. ನಡುವಿನ ಎಳೆ ಹಳತು, ಅಂಚಿನದು ಚುರುಕು. ತಟ್ಟೆಯ ಮುಚ್ಚಳವನ್ನು ಒಂದು ಕಡೆ ಮಾತ್ರ ಸ್ವಲ್ಪ ಎತ್ತಿ, ಎಳೆಯ ಮುಖ ಕೆಳಗಾಗುವಂತೆ ಚೂರನ್ನು ನಡುವೆ ಇಟ್ಟು, ಥಟ್ಟನೆ ಮುಚ್ಚಿದಳು. ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ನಾಟಕಕ್ಕಲ್ಲ, ನಮ್ಮ ಉಸಿರಿನಲ್ಲೂ ಬೇಡದ ಜೀವಿಗಳಿರುತ್ತವೆ. ಅಂಚಿಗೆ ಟೇಪ್ ಸುತ್ತಿ, ಮುಚ್ಚಳದ ಬೆವರು ಎಳೆಯ ಮೇಲೆ ತೊಟ್ಟಿಕ್ಕದ ಹಾಗೆ ಬೋರಲು ಇಟ್ಟೆವು. ಪುಟ್ಟಿ ಎಂಟಕ್ಕೂ ಹೆಸರು, ತಾರೀಕು, ಎಷ್ಟನೇ ಸಲದ ಹೆಪ್ಪು ಎಂದು ಬರೆದಳು.

"ಎಷ್ಟನೇ ಸಲ ಅಂತ ಯಾಕೆ?" ಎಂದೆ.

"ತಟ್ಟೆಯಿಂದ ತಟ್ಟೆಗೆ ಹಾಕ್ತಾನೇ ಹೋದ್ರೆ ಒಂದಿನ ಸೋಲ್ತದೆ ಅಕ್ಕ. ಎಳೆ ಬೆಳೀತದೆ, ಅಣಬೆ ಸರ್ಯಾಗಿ ಬರಲ್ಲ. ಅದ್ಕೇ ಮೊದಲ್ನೇ ಹೆಪ್ಪನ್ನ ವಸಿ ತೆಗೆದಿಡ್ಬೇಕು" ಎಂದಳು ತಂಗಿ. ಇಟ್ಟೇ ಇದ್ದರೆ ಆಹಾರ ಮುಗಿದು ಸಾಯುತ್ತದೆ. ಪದೇ ಪದೇ ದಾಟಿಸಿದರೆ ಬಳಲುತ್ತದೆ. ಎರಡರ ನಡುವಿನ ಲೆಕ್ಕವೇ ಈ ಕಸುಬು.

ಭಾನುವಾರ ಏನೂ ಕಾಣಲಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಹೊರಡುವ ಮುನ್ನ ಪುಟ್ಟಿ ನನ್ನನ್ನು ಎಳೆದುಕೊಂಡು ಹೋದಳು. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಚೂರಿನ ಸುತ್ತ ಜೇಡನ ನೂಲಿಗಿಂತ ನವಿರಾದ ಎಳೆಗಳು ನಾಲ್ಕೂ ಕಡೆಗೆ ಹೊರಟಿದ್ದವು. ಸೆಖೆಗೆ ಖುಷಿಪಡುವ ಜೀವವನ್ನು ನಾನು ಮೊದಲ ಸಲ ಕಂಡೆ.

ಬುಧವಾರ ಫೋನ್ ಬಂತು. ಎಂಟರಲ್ಲಿ ಒಂದು ತಟ್ಟೆಗೆ ಹಸಿರು ಬೂಷ್ಟು ಹತ್ತಿತ್ತು. ಇನ್ನೊಂದರಲ್ಲಿ ಲೋಳೆ. ಅವೆರಡನ್ನೂ ತೆರೆಯದೆ ಕುಕ್ಕರಿನಲ್ಲಿ ಬೇಯಿಸಿ ಆಚೆ ಹಾಕಿದರಂತೆ. ತೆರೆದಿದ್ದರೆ ಬೂಷ್ಟಿನ ಪುಡಿ ಮನೆಯೆಲ್ಲ ಹಾರುತ್ತಿತ್ತು. ಆರು ಗೆದ್ದಿದ್ದವು. ಅವುಗಳಿಂದ ಬೇಯಿಸಿದ ಜೋಳದ ಕಾಳಿಗೆ ದಾಟಿಸಿದರೆ ಅಣಬೆ ಬೀಜ. ಬೀಜದಿಂದ ಒದ್ದೆ ಹುಲ್ಲಿಗೆ ದಾಟಿದರೆ, ಎರಡು ವಾರದ ಸುಮಾರಿಗೆ ಕೋಳಿಮೊಟ್ಟೆಯಂಥ ಪುಟ್ಟ ಅಣಬೆಗಳು.

ಆ ಬೇಸಿಗೆಯ ಹುಲ್ಲು ಖಾಲಿ ಹೋಗಲಿಲ್ಲ. ಇನ್ನೊಂದು ಬದಲಾವಣೆಯೂ ಆಯಿತು. ಅದು ಚಿಕ್ಕಮ್ಮನ ಯೋಚನೆ. "ನಮ್ಮನೇಲಿ ಮೊಸ್ರು ಕೆಟ್ರೆ ಪಕ್ಕದ್ಮನೆಯಿಂದ ಹೆಪ್ಪು ತರ್ತೀವಿ. ಅವ್ರದ್ದು ಕೆಟ್ರೆ ನಾವ್ ಕೊಡ್ತೀವಿ. ಇದನ್ಯಾಕೆ ಒಂದೇ ಮನೇಲಿ ಇಟ್ಟಿದ್ರಿ?" ಎಂದರಂತೆ. ಈಗ ಅದೇ ಬೀದಿಯ ಇನ್ನೊಂದು ಮನೆಯಲ್ಲಿ ಎರಡು ನಳಿಕೆ ಇವೆ.

ಒಂದು ನಮ್ಮ ಮನೆಗೂ ಬಂದಿದೆ. ಅಡುಗೆಮನೆಯಲ್ಲಿ ಸಾಂಬಾರ ಪುಡಿಯ ಡಬ್ಬಿಯ ಪಕ್ಕ, ಬೆಚ್ಚಗೆ ನಿಂತಿದೆ. ಮೇಲೆ ಪುಟ್ಟಿಯ ದುಂಡನೆಯ ಅಕ್ಷರದ ಚೀಟಿ: ಹೆಸರು, ತಾರೀಕು, ಎರಡನೇ ಸಲದ ಹೆಪ್ಪು. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಇನ್ನೊಂದು ಸಾಲು: "ದೊಡ್ಡಮ್ಮ, ಫ್ರಿಜ್‌ಗೆ ಇಡಬೇಡ."