ಹಳೇ ಗುಲಾಬಿಗೇ ಬಹುಮಾನ ಯಾಕೆ?

ಹೂವಿನ ಸ್ಪರ್ಧೆ ಎಂದರೆ ಹೊಸ ತಳಿಗಳ ಮೆರವಣಿಗೆ ಎಂದುಕೊಳ್ಳುವ ಮಕ್ಕಳೇ ಹೆಚ್ಚು. ಆದರೆ ಜಯನಗರದ ನಮ್ಮ ಬಡಾವಣೆಯ ಪುಟ್ಟ ಸ್ಪರ್ಧೆಯಲ್ಲಿ ಈ ಸಲ ಮೊದಲ ಬಹುಮಾನ ಹೋದದ್ದು ‘ಡಬಲ್ ಡಿಲೈಟ್’ ಗುಲಾಬಿಗೆ. ನಡುವೆ ಕೆನೆಬಣ್ಣ, ಅಂಚಿಗೆ ಕೆಂಪು, ಪರಿಮಳವಂತೂ ಕೇಳಲೇಬೇಡಿ. ಆ ತಳಿ ಬಂದದ್ದು 1977ರಲ್ಲಿ. “ಅಜ್ಜಿ, ಇದು ಅಪ್ಪನಿಗಿಂತ ದೊಡ್ಡದು! ಹೊಸ ಗಿಡಗಳೆಲ್ಲ ಏನು ಮಾಡ್ತಿದ್ವು?” ಎಂದಳು ಮೊಮ್ಮಗಳು.

ತೀರ್ಪುಗಾರರು ನೋಡುವುದು ಆ ಹೊತ್ತಿಗೆ ಮೇಜಿನ ಮೇಲಿರುವ ಹೂವನ್ನು. ದಳಗಳ ಜೋಡಣೆ, ನೇರ ಕಾಂಡ, ಚುಕ್ಕೆಯಿಲ್ಲದ ಎಲೆ. ಅರೆ ಅರಳಿದ್ದರೆ ಚೆಂದ, ಒಂದು ದಿನ ಹೆಚ್ಚಾದರೆ ಕೆಟ್ಟಿತು. ಅದಕ್ಕೇ ಗಿಡ ಸವರುವ ದಿನದ ಲೆಕ್ಕ ಮುಖ್ಯ. ಸವರಿದ ಆರೇಳು ವಾರಕ್ಕೆ ಹೂ ಬರುತ್ತದೆ, ಆದರೆ ಒಂದೊಂದು ತಳಿಯ ಗಡಿಯಾರ ಒಂದೊಂದು ಥರ. ಹಳೇ ಗಿಡದ ಗಡಿಯಾರ ನಮಗೆ ಗೊತ್ತು. ನರ್ಸರಿಯಿಂದ ನಿನ್ನೆ ಬಂದದ್ದು ಬೇರು ಬಿಡುವುದರಲ್ಲೇ ಮೊದಲ ವರ್ಷ ಕಳೆಯುತ್ತದೆ.

ದೊಡ್ಡ ಪ್ರಶಸ್ತಿಗಳೂ ಅವಸರ ಮಾಡುವುದಿಲ್ಲ. ಅಮೆರಿಕದಲ್ಲಿ ಐರಿಸ್ ಹೂವಿಗೆ ಕೊಡುವ ಡೈಕ್ಸ್ ಪದಕ ಸಿಗಬೇಕಾದರೆ ಆ ತಳಿ ಹಲವು ವರ್ಷ ಹಲವು ತೋಟಗಳಲ್ಲಿ ಬೆಳೆದು, ಸಣ್ಣ ಬಹುಮಾನಗಳನ್ನು ಗೆದ್ದಿರಬೇಕು. ಗುಲಾಬಿಯಲ್ಲಿ ‘ಪೀಸ್’ ಎಂಬ ಹಳದಿ ತಳಿಯಿದೆ. ಫ್ರಾನ್ಸಿನ ಫ್ರಾನ್ಸಿಸ್ ಮೇಯಾಂ ಬೆಳೆಸಿದ್ದು. ಯುದ್ಧದ ಮುನ್ನ ಅದರ ಕಣ್ಣುಕಡ್ಡಿಗಳನ್ನು ಹೊರದೇಶಗಳಿಗೆ ಕಳಿಸಿದ್ದರು. ‘ಪೀಸ್’, ಅಂದರೆ ಶಾಂತಿ, ಎಂಬ ಹೆಸರು ಸಿಕ್ಕಿದ್ದು 1945ರಲ್ಲಿ. ವಿಶ್ವ ಗುಲಾಬಿ ಸಂಘಗಳ ಒಕ್ಕೂಟದ ಗೌರವ ಬಂದದ್ದು 1976ರಲ್ಲಿ, 31 ವರ್ಷಗಳ ನಂತರ! ನನಗೆ ಈ ಕಾಯಿಸುವಿಕೆ ಸರಿಯೆನಿಸುತ್ತದೆ.

ಹಾಗಾದರೆ ಹೊಸದನ್ನು ಯಾಕೆ ಕೊಳ್ಳಬೇಕು? ‘ಪೀಸ್’ ಕೂಡ ಒಂದು ಕಾಲಕ್ಕೆ ಯಾರಿಗೂ ಗೊತ್ತಿಲ್ಲದ ಗಿಡವೇ. ಯಾರಾದರೂ ನೆಟ್ಟು ನೀರು ಹಾಕಿ ನೋಡದಿದ್ದರೆ ಅದು ಹಳೆಯದಾಗುವುದಾದರೂ ಹೇಗೆ?

ತೊಡಕು ಜಾಗದ್ದು. ತಾರಸಿ ಸೋರುತ್ತದೆ, ಇಪ್ಪತ್ತು ಕುಂಡಕ್ಕಿಂತ ಹೆಚ್ಚು ಬೇಡ ಎಂದು ಮಗನ ಆಜ್ಞೆ. ಹೊಸದು ಬರಬೇಕಾದರೆ ಒಂದು ಹೋಗಬೇಕು. ನಮ್ಮ ಯಜಮಾನರು ನೆಟ್ಟ ‘ಪಾಪಾ ಮೇಯಾಂ’, 1963ರ ಕಡುಗೆಂಪು ತಳಿ. 1988ರಲ್ಲಿ ಅದಕ್ಕೂ ವಿಶ್ವಗೌರವ ಸಿಕ್ಕಿದೆ. ಆದರೆ ನಮ್ಮ ತಾರಸಿಯಲ್ಲಿ ವರ್ಷವರ್ಷವೂ ಬೂದಿರೋಗ, ವರ್ಷಕ್ಕೆ ನಾಲ್ಕು ಹೂ.

“ತಾತನ ಗಿಡ ಕೊಡೋದು ಬೇಡ ಅಜ್ಜಿ” ಎಂದು ಮೊಮ್ಮಗಳು ಮುಖ ಊದಿಸಿದಳು. ಆ ಗುಲಾಬಿ ತಂದ ದಿನ ತಾತ ಒಂದು ದಾಸವಾಳವನ್ನು ಪಕ್ಕದ ಮನೆಗೆ ಸಾಗಿಸಿದ್ದರು ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ.

ಬನಶಂಕರಿಯ ನನ್ನ ತಂಗಿಯ ಮನೆಯಲ್ಲಿ ನೆಲವಿದೆ, ಬೆಳಗಿನ ಬಿಸಿಲಿದೆ. ಈ ಭಾನುವಾರ ಕುಂಡ ಅಲ್ಲಿಗೆ ಹೋಗುತ್ತದೆ, ಆಟೋದಲ್ಲಿ ಮೊಮ್ಮಗಳ ತೊಡೆಯ ಮೇಲೇ. ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿ ಬರುವಾಗ ಹೊಸ ಗಿಡ ಆರಿಸುವ ಅಧಿಕಾರ ಅವಳದು. ಹಳದಿಯೇ ಬೇಕಂತೆ.