ಕೆಟ್ಟರೆ ಮನೆಯಲ್ಲೇ ಕೆಡಲಿ

ಮೊನ್ನೆ ಶುಕ್ರವಾರ ನಮ್ಮ ಬೀದಿಯ ನಾಲ್ಕು ಜನ ಗೆಳತಿಯರು ಅರಿಶಿನ ಕುಂಕುಮಕ್ಕೆ ಬಂದಿದ್ದರು. ಅವರಲ್ಲಿ ಒಬ್ಬರು, "ಏನ್ರೀ, ಮತ್ತೆ ಕೆಲಸಕ್ಕೆ ಸೇರಿದೀರಂತೆ? ಮನೇಲೇ ಕೂತು ಮಾಡೋದಂತೆ? ಏನು ಕೆಲಸ ಅದು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನಮ್ಮತ್ತೆಯ ಉತ್ತರ ಬಂತು: "ಡಬ್ಬ ಕಟ್ಟೋ ಕೆಲಸ ಕಣ್ರಮ್ಮಾ!" ಊಟದ ಕ್ಯಾರಿಯರ್ ವ್ಯಾಪಾರವೆಂದು ತಿಳಿದ ಇನ್ನೊಬ್ಬರು ತಿಂಗಳಿಗೆ ಎಷ್ಟು, ಭಾನುವಾರವೂ ಕಳಿಸುತ್ತೀರಾ ಎಂದು ವಿಚಾರಿಸಿಯೂಬಿಟ್ಟರು!

ನಮ್ಮತ್ತೆ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಆ ಡಬ್ಬದ ಕತೆಯನ್ನೇ ನಿಮಗೆ ಹೇಳೋಣವೆಂದು ಕೂತಿದ್ದೇನೆ. ಕಂಪ್ಯೂಟರ್ ಎಂದ ಕೂಡಲೇ ಪುಟ ತಿರುವಬೇಡಿ. ಒಲೆ, ಪಾತ್ರೆ, ಉಪ್ಪಿನಕಾಯಿ ಜಾಡಿ ಗೊತ್ತಿದ್ದವರಿಗೆ ಇದರಲ್ಲಿ ತಿಳಿಯದ್ದು ಏನೂ ಇಲ್ಲ.

ಹಿಂದೆ ಐದು ವರ್ಷ ನಾನು ಪ್ರೋಗ್ರಾಂ ಬರೆಯುತ್ತಿದ್ದವಳು. ಆಮೇಲೆ ಮಕ್ಕಳು, ಮಾವನವರ ಪಾರ್ಶ್ವವಾಯು, ಅವರ ಕಾಲ... ಹೀಗೆ ಹನ್ನೊಂದು ವರ್ಷ ಹೋಗಿದ್ದೇ ತಿಳಿಯಲಿಲ್ಲ. ಈಗ ನಲವತ್ತೆರಡರಲ್ಲಿ ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯವರು, "ಮೈಸೂರಿನಿಂದಲೇ ಮಾಡಿ, ಮೂರು ತಿಂಗಳು ನೋಡೋಣ" ಎಂದರು. ಕಲ್ಯಾಣ ಮಂಟಪಗಳನ್ನು ಮನೆಯಿಂದಲೇ ಕಾದಿರಿಸುವ ಒಂದು ವೆಬ್ ಅಪ್ಲಿಕೇಷನ್ ಅವರದು. ಅದರಲ್ಲಿ ಕೆಲವು ಭಾಗ ನಾನು ತಿದ್ದಬೇಕು, ಬೆಳೆಸಬೇಕು. ಅದಕ್ಕೆ ಮೊದಲು ಆ ಇಡೀ ಅಪ್ಲಿಕೇಷನ್ ನನ್ನ ಲ್ಯಾಪ್‌ಟಾಪಿನಲ್ಲಿ ಓಡಬೇಕು. ಅಷ್ಟೇ ಮೊದಲ ಕೆಲಸ.

ಅಷ್ಟೇ ಎಂದುಕೊಂಡೆ! ಅದು ಪೈಥಾನ್ ಭಾಷೆಯಲ್ಲಿ ಬರೆದದ್ದು. ನನ್ನಲ್ಲಿದ್ದ ಪೈಥಾನ್ ಒಂದು ಆವೃತ್ತಿ, ಅವರು ಬಳಸಿದ್ದು ಇನ್ನೊಂದು. ಅದನ್ನು ಸರಿಮಾಡಿದರೆ ಯಾವುದೋ ಲೈಬ್ರರಿ ಕೂರುವುದಿಲ್ಲ. ಅದನ್ನು ಕೂರಿಸಿದರೆ ಮಾಹಿತಿ ತುಂಬಿಡುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮುನಿಸಿಕೊಳ್ಳುತ್ತದೆ. ಮೂರು ದಿನ ಹೋಯಿತು. ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರೂ ಪರದೆಯಲ್ಲಿ ಸೇರಿ ನಿನ್ನೆ ಏನು ಮಾಡಿದಿರಿ ಎಂದು ಹೇಳಬೇಕು. ನಾನು ಮೂರು ದಿನವೂ "ಇನ್ನೂ ಸೆಟಪ್ ಆಗ್ತಾ ಇದೆ" ಎಂದೆ. ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವನಿರಬಹುದಾದ ಒಬ್ಬ ಹುಡುಗ, "ನಮ್ಮಲ್ಲಿ ಚೆನ್ನಾಗಿ ಓಡ್ತಿದೆಯಲ್ಲ ಮೇಡಂ!" ಎಂದ. ಅವನು ಬೈಯಲಿಲ್ಲ. ಆದರೂ ಮುಖ ಕೆಂಪಾಯಿತು.

ತುಮಕೂರಿನ ನಮ್ಮಮ್ಮನ ಸಾರಿನ ಪುಡಿಯನ್ನೇ ಹಾಕಿ, ಅವರು ಹೇಳಿದ ಅಳತೆಯಲ್ಲೇ ಮಾಡಿದರೂ ನಮ್ಮ ಮನೆಯಲ್ಲಿ ಸಾರು ಬೇರೆಯೇ ಆಗುತ್ತದೆ. ಏಕೆ? ನೀರು ಬೇರೆ, ಬೇಳೆ ಬೇರೆ, ಒಲೆ ಬೇರೆ. ಪ್ರೋಗ್ರಾಮೂ ಹಾಗೆಯೇ. ಬರೆದದ್ದು ಒಂದೇ ಆದರೂ ಓಡುವ ಯಂತ್ರದ ನೀರು-ಬೇಳೆ ಬೇರೆ ಬೇರೆ.

ನಾಲ್ಕನೆಯ ದಿನ ನಮ್ಮ ತಂಡದ ಮುಂದಾಳು, ಹುಬ್ಬಳ್ಳಿ ಕಡೆಯ ಹುಡುಗಿ, ಫೋನು ಮಾಡಿ, "ಅಕ್ಕಾರ, ಅದನ್ನೆಲ್ಲಾ ಬಿಟ್ಟಬಿಡ್ರಿ. ಡಾಕರ್ ಹಾಕ್ಕೊಳ್ರಿ" ಎಂದಳು.

ಡಾಕರ್ ಏನು ಎನ್ನುವಿರಾ? ನಮ್ಮಜ್ಜಿ ಕಾಶಿಗೆ ಹೋಗುವಾಗ ತಮ್ಮ ಪುಟ್ಟ ಸೀಮೆಎಣ್ಣೆ ಸ್ಟೌ, ತಮ್ಮ ತಂಬಿಗೆ, ತಮ್ಮ ಪಾತ್ರೆ, ಅಕ್ಕಿ, ಬೇಳೆ, ಹುಣಿಸೆಹಣ್ಣು ಎಲ್ಲ ಗಂಟು ಕಟ್ಟಿಕೊಂಡು ಹೊರಟಿದ್ದರು. ಯಾವ ಛತ್ರದಲ್ಲಿ ಇಳಿದರೂ ಅದೇ ಸಾರು, ಅದೇ ರುಚಿ! ಡಾಕರ್ ಮಾಡುವುದೂ ಅದನ್ನೇ. ಅಪ್ಲಿಕೇಷನ್ನಿಗೆ ಬೇಕಾದ ಪೈಥಾನು, ಲೈಬ್ರರಿ ಎಲ್ಲವನ್ನೂ ಒಂದು ಡಬ್ಬದಲ್ಲಿ ಕಟ್ಟಿಡುತ್ತದೆ. ಈ ಡಬ್ಬಕ್ಕೆ ಕಂಟೇನರ್ ಎಂದು ಹೆಸರು. ಹೆಸರು ಕೇಳಿದರೆ ನೆನಪಾಗುವುದು ಹಡಗಿನ ಕಂಟೇನರೇ. 1956ರ ಏಪ್ರಿಲಿನಲ್ಲಿ ಅಮೆರಿಕದ ಮಾಲ್ಕಂ ಮೆಕ್ಲೀನ್ ಎಂಬ ಲಾರಿ ಮಾಲೀಕರು 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು 'ಐಡಿಯಲ್ ಎಕ್ಸ್' ಹಡಗಿನಲ್ಲಿ ನ್ಯೂಆರ್ಕಿನಿಂದ ಹ್ಯೂಸ್ಟನ್ನಿಗೆ ಸಾಗಿಸಿದರು. ಒಳಗೆ ಏನೇ ಇರಲಿ, ಹೊರಗಿನ ಪೆಟ್ಟಿಗೆ ಒಂದೇ ತರಹ. ಎತ್ತುವವರಿಗೆ, ಇಳಿಸುವವರಿಗೆ ತಲೆನೋವಿಲ್ಲ. ಅದೇ ಯೋಚನೆಯ ಡಾಕರನ್ನು ಸಾಲಮನ್ ಹೈಕ್ಸ್ ಎಂಬುವರು 2013ರ ಮಾರ್ಚಿನಲ್ಲಿ ಪೈಥಾನ್ ಬಳಕೆದಾರರ ಸಮ್ಮೇಳನವೊಂದರಲ್ಲಿ ಐದೇ ನಿಮಿಷದಲ್ಲಿ ತೋರಿಸಿದರಂತೆ. ನಾನು ಕೆಲಸ ಬಿಟ್ಟು ಕೂತಿದ್ದಾಗ ಲೋಕ ಎಷ್ಟು ಮುಂದೆ ಹೋಗಿಬಿಟ್ಟಿದೆ ನೋಡಿ!

ಹಾಗೆಂದು ಪ್ರತಿ ಡಬ್ಬಕ್ಕೂ ಬೇರೆ ಕಂಪ್ಯೂಟರ್ ಕಟ್ಟಿದಂತೆ ಅಲ್ಲ. ಒಂದೇ ಸೂರಿನಡಿ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ ಹಾಗೆ. ಬಾವಿ ಒಂದೇ, ಒಲೆ ಬೇರೆ. ಆ ಬಾವಿಯ ಹೆಸರು ಲಿನಕ್ಸ್. ನನ್ನದು ವಿಂಡೋಸ್ ಯಂತ್ರವಾದ್ದರಿಂದ ಮೊದಲು ಅದರೊಳಗೆ ಡಬ್ಲ್ಯು.ಎಸ್.ಎಲ್. 2 ಎಂಬ ಹೆಸರಿನ ಲಿನಕ್ಸ್ ಬಾವಿ ತೋಡಬೇಕಾಯಿತು. ಒಂದು ಕಿವಿಮಾತು: ಪ್ರೋಗ್ರಾಮಿನ ಕಡತಗಳನ್ನು ವಿಂಡೋಸಿನ ಸಿ ಡ್ರೈವಿನಲ್ಲಿಟ್ಟು ಲಿನಕ್ಸಿನಿಂದ ಓದಿಸಬೇಡಿ. ಎತ್ತಿನಗಾಡಿಯಾಗುತ್ತದೆ. ಲಿನಕ್ಸಿನ ಪಾಲಿನ ಜಾಗದಲ್ಲೇ ಇಟ್ಟರೆ ಚುರುಕು.

ಆಮೇಲೆ ಎರಡು ಮಾತು ಕಲಿತೆ: ಇಮೇಜ್ ಮತ್ತು ಕಂಟೇನರ್. ಸಂಕ್ರಾಂತಿಯ ಸಕ್ಕರೆ ಅಚ್ಚು ಇದೆಯಲ್ಲ, ಆ ಮರದ ಅಚ್ಚೇ ಇಮೇಜ್. ಅದರಿಂದ ತೆಗೆದ ಸಕ್ಕರೆಯ ಗಿಣಿ, ಆನೆಗಳೇ ಕಂಟೇನರ್. ಗಿಣಿಯ ಕೊಕ್ಕು ಮುರಿದರೆ ಅಳಬೇಕಾಗಿಲ್ಲ, ಅಚ್ಚಿದ್ದರೆ ಇನ್ನೊಂದು ತೆಗೆಯಬಹುದು. ಅಚ್ಚು ಕೊರೆಯುವ ವಿಧಾನವನ್ನು ಡಾಕರ್‌ಫೈಲ್ ಎಂಬ ಕಡತದಲ್ಲಿ ಬರೆದಿರುತ್ತಾರೆ. ನಮಗೆ ಬೇಕಾದದ್ದು ಎರಡು ಡಬ್ಬ: ಒಂದು ಅಪ್ಲಿಕೇಷನ್ನಿಗೆ, ಒಂದು ಡೇಟಾಬೇಸಿಗೆ. ಯಾವ ಡಬ್ಬ ಯಾವ ಅಚ್ಚಿನದು, ಯಾವ ಬಾಗಿಲು ತೆರೆದಿರಬೇಕು ಎಂಬ ಪಟ್ಟಿ ಕಂಪೋಸ್ ಎಂಬ ಇನ್ನೊಂದು ಕಡತದಲ್ಲಿ. 'ಡಾಕರ್ ಕಂಪೋಸ್ ಅಪ್' ಎಂದರೆ ಎಲ್ಲ ಏಳುತ್ತದೆ, 'ಡೌನ್' ಎಂದರೆ ಮಲಗುತ್ತದೆ.

ನಾನೂ 'ಅಪ್' ಎಂದೆ. ಎದ್ದಿತು, ಕೂಡಲೇ ಬಿತ್ತು. ಅಪ್ಲಿಕೇಷನ್ನಿಗೆ ಡೇಟಾಬೇಸ್ ಸಿಗುತ್ತಿಲ್ಲ! ವಿಳಾಸ 'ಲೋಕಲ್‌ಹೋಸ್ಟ್' ಎಂದು ಕೊಟ್ಟಿದ್ದೆ. ಹಾಗೆಂದರೆ 'ಇಲ್ಲೇ' ಎಂದರ್ಥ. ಆದರೆ ಅಡಿಗೆಮನೆಯಲ್ಲಿ ನಿಂತು ಇಲ್ಲೇ ಎಂದರೆ ಅಡಿಗೆಮನೆ, ದೇವರಮನೆಯಲ್ಲಿ ನಿಂತು ಇಲ್ಲೇ ಎಂದರೆ ದೇವರಮನೆ, ಅಲ್ಲವೆ? ಡಬ್ಬದ ಒಳಗಿರುವವನಿಗೆ 'ಇಲ್ಲೇ' ಎಂದರೆ ತನ್ನ ಡಬ್ಬವೇ. ಪಕ್ಕದ ಡಬ್ಬದವನನ್ನು ಹೆಸರು ಹಿಡಿದು ಕೂಗಬೇಕು. ಪಟ್ಟಿಯಲ್ಲಿ ಆ ಡಬ್ಬಕ್ಕೆ 'ಡಿಬಿ' ಎಂದು ಹೆಸರಿತ್ತು, ವಿಳಾಸವಾಗಿ ಅದನ್ನೇ ಕೊಟ್ಟೆ. ಈ ಒಂದು ಪದಕ್ಕೆ ಅರ್ಧ ದಿನ!

ಆಗಲೂ ಒಮ್ಮೊಮ್ಮೆ ಬೀಳುತ್ತಿತ್ತು. ಕಾರಣ, ಡೇಟಾಬೇಸ್ ಡಬ್ಬ ಎದ್ದ ಮಾತ್ರಕ್ಕೆ ಅದು ಸಿದ್ಧವಾಯಿತು ಎಂದಲ್ಲ. ಒಲೆ ಹಚ್ಚಿದ ಕೂಡಲೇ ಹಾಲು ಕಾದೀತೆ? 'ಮೊದಲು ಡೇಟಾಬೇಸ್ ಆರೋಗ್ಯವಾಗಿದೆಯೇ ನೋಡು, ಆಮೇಲೆ ನೀನು ಏಳು' ಎಂದು ಪಟ್ಟಿಯಲ್ಲಿ ಎರಡು ಸಾಲು ಬರೆದೆ. ನಿಂತಿತು! ಬ್ರೌಸರಿನಲ್ಲಿ ಕಲ್ಯಾಣ ಮಂಟಪದ ಪುಟ ತೆರೆದುಕೊಂಡಿತು. "ಅದೇನೇ, ಯಾರ ಮದುವೆ?" ಎಂದು ನಮ್ಮತ್ತೆ ಕನ್ನಡಕ ಹಾಕಿಕೊಂಡು ಬಂದು ನೋಡಿದರು.

ಮಾರನೆಯ ದಿನದಿಂದ ಪ್ರಯೋಗಕ್ಕೆಂದು ಅರವತ್ತು ಮಂಟಪಗಳ ವಿವರ, ಬಾಡಿಗೆ, ತಾರೀಕು ಎಲ್ಲ ಕೂತು ತುಂಬಿದೆ. ಮೂರು ದಿನದ ಕೆಲಸ. ಮೂರನೆಯ ರಾತ್ರಿ ಹನ್ನೊಂದೂವರೆಗೆ ಏನೋ ಸಿಕ್ಕುಬಿತ್ತು. ಎಲ್ಲ ಇಳಿಸಿ ಹೊಸದಾಗಿ ಏಳಿಸಿದರೆ ಸರಿಹೋಗುತ್ತದೆಂದು ಎಲ್ಲೋ ಓದಿ, 'ಡೌನ್' ಎನ್ನುವುದರ ಮುಂದೆ ಒಂದು ಅಡ್ಡಗೆರೆ, ಒಂದು 'ವಿ' ಹಾಕಿ ಒತ್ತಿಬಿಟ್ಟೆ. ಮತ್ತೆ ಏಳಿಸಿದರೆ ಅರವತ್ತು ಮಂಟಪದಲ್ಲಿ ಒಂದೂ ಇಲ್ಲ! ಡಬ್ಬ ಎಸೆದರೂ ಉಳಿಯಲೆಂದು ಮಾಹಿತಿಯನ್ನು ವಾಲ್ಯೂಮ್ ಎಂಬ ಬೇರೆ ಜಾಗದಲ್ಲಿ ಇಟ್ಟಿರುತ್ತಾರೆ, ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿಯಂತೆ. ಬರೀ 'ಡೌನ್' ಜಾಡಿಯನ್ನು ಮುಟ್ಟುವುದಿಲ್ಲ. ಆ 'ವಿ' ಜಾಡಿಯನ್ನೂ ಒಡೆದುಹಾಕುತ್ತದೆ.

ಮೂರು ದಿನದ ಕೆಲಸ ಹೋದದ್ದು ದೊಡ್ಡದಲ್ಲ. ನನಗೆ ಬೇರೆಯೇ ಭಯ ಹತ್ತಿತು. ಅವರು ಕೊಟ್ಟ ಸೆಟ್ಟಿಂಗಿನಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಇತ್ತು. ಅದು ಸಂಸ್ಥೆಯ ನಿಜವಾದ ಡೇಟಾಬೇಸಿನದಾಗಿದ್ದರೆ? ಯಾರ ಯಾರ ಮನೆಯ ಮದುವೆಯ ತಾರೀಕು ಅಳಿಸಿಹೋಯಿತೋ! ಆ ಹೊತ್ತಿನಲ್ಲಿ ಯಾರಿಗೆ ಫೋನು ಮಾಡಲಿ? ನಮ್ಮವರನ್ನು ಎಬ್ಬಿಸಲಿಲ್ಲ. ಎಬ್ಬಿಸಿದರೆ "ಅದಕ್ಕೇ ಹೇಳಿದ್ದು, ಸುಮ್ಮನೆ ಯಾಕೆ ತಲೆಗೆ ಹಚ್ಚಿಕೊಳ್ತೀಯ" ಎಂದಾರು. ಅವರು ಪ್ರೀತಿಯಿಂದಲೇ ಹೇಳುವುದು, ಅದಕ್ಕೇ ನೋವು ಹೆಚ್ಚು. ಬೆಳಗಿನವರೆಗೂ ಕಣ್ಣು ಮುಚ್ಚಲಿಲ್ಲ.

ಬೆಳಿಗ್ಗೆ ಒಂಬತ್ತೂವರೆಯವರೆಗೂ ಕಾಯದೆ ಆ ಹುಡುಗಿಗೆ ಫೋನು ಮಾಡಿ, ಒಂದಕ್ಷರ ಮುಚ್ಚದೆ ಹೇಳಿಬಿಟ್ಟೆ. ಅವಳು ನಕ್ಕಳು. "ಅಕ್ಕಾರ, ಹೋಗಿದ್ದು ನಿಮ್ಮ ಲ್ಯಾಪ್‌ಟಾಪಿನಾಗಿಂದು ಅಷ್ಟ. ಆ ಪಾಸ್‌ವರ್ಡೂ ಅದರದ್ದ. ಗಿರಾಕಿಗಳ ಡೇಟಾದ ಹತ್ರಕ್ಕೂ ನೀವು ಹೋಗಿಲ್ಲ. ಕೆಡಿಸಾಕಂತನ ಇದನ್ನ ಬ್ಯಾರೆ ಇಟ್ಟಿರತೀವಿ. ಕೆಟ್ಟರ ಮನ್ಯಾಗ ಕೆಡಲಿ ಬಿಡ್ರಿ!"

ಫೋನು ಇಟ್ಟು ಅಡಿಗೆಮನೆಯ ಕಟ್ಟೆಗೆ ಒರಗಿ ನಿಂತೆ. ಕೆಡಿಸುವುದಕ್ಕೇ ಒಂದು ಜಾಗ! ನೀವೇ ಹೇಳಿ, ನಮಗೆ ಅಂಥ ಜಾಗ ಯಾರು ಕೊಟ್ಟಿದ್ದರು? ಮದುವೆಯಾಗಿ ಬಂದ ವಾರ ನಾನು ಮಾಡಿದ ಮೊದಲ ಹುಳಿ ಹದಿನಾಲ್ಕು ಜನರ ಪಂಕ್ತಿಗೆ ನೇರವಾಗಿ ಬಡಿಸಿದ್ದು. ಉಪ್ಪು ಹೆಚ್ಚಾಗಿತ್ತು. ಇಪ್ಪತ್ತು ವರ್ಷವಾದರೂ ಆ ಮಾತು ಇನ್ನೂ ಬರುತ್ತದೆ. ತಪ್ಪಾದರೆ ಎಲ್ಲರ ಎದುರಿಗೇ ಎಂದು ತಿಳಿದೇ ನಾವು ಬೆಳೆದವರು. ಅದಕ್ಕೇ ಹೊಸದಕ್ಕೆ ಕೈಹಾಕುವ ಮೊದಲೇ ಕೈ ನಡುಗುತ್ತದೆ. ಹನ್ನೊಂದು ವರ್ಷದಲ್ಲಿ ನಾನು ಮರೆತದ್ದು ಪ್ರೋಗ್ರಾಂ ಬರೆಯುವುದನ್ನಲ್ಲ, ಹೆದರದೆ ತಪ್ಪು ಮಾಡುವುದನ್ನು.

ಅರವತ್ತು ಮಂಟಪಗಳನ್ನು ಮತ್ತೆ ತುಂಬಿದೆ. ಈ ಸಲ ಕೈಯಲ್ಲಿ ಅಲ್ಲ. ಒಂದು ಕಡತದಲ್ಲಿ ಬರೆದಿಟ್ಟೆ, ಒಂದು ಆಜ್ಞೆ ಕೊಟ್ಟರೆ ತಾನೇ ತುಂಬಿಕೊಳ್ಳುವ ಹಾಗೆ. ಈಗ ಜಾಡಿ ಒಡೆದರೂ ಎರಡು ನಿಮಿಷದ ಮಾತು. ನಾನು ಎಡವಿದ ಕಲ್ಲುಗಳನ್ನೆಲ್ಲ ಒಂದು ಪುಟದಲ್ಲಿ ಕ್ರಮವಾಗಿ ಬರೆದೆ: ಡಬ್ಬದವನನ್ನು ಹೆಸರಿನಿಂದ ಕೂಗಿ, 'ವಿ' ಒತ್ತುವ ಮುನ್ನ ಎರಡು ಸಲ ಯೋಚಿಸಿ, ಪಾಸ್‌ವರ್ಡಿನ ಕಡತವನ್ನು ಎಲ್ಲರೊಡನೆ ಹಂಚುವ ಕಡತಗಳಲ್ಲಿ ಸೇರಿಸಬೇಡಿ, ಡೇಟಾಬೇಸಿನ ಅಚ್ಚು ಆರಿಸುವಾಗ 'ಲೇಟೆಸ್ಟ್' ಎನ್ನದೆ ಆವೃತ್ತಿಯ ಸಂಖ್ಯೆಯನ್ನೇ ಬರೆಯಿರಿ. ಇಲ್ಲವಾದರೆ ಒಂದು ದಿನ ಹೊಸ ಪೋಸ್ಟ್‌ಗ್ರೆಸ್ ಬಂದು, ಹಳೆಯ ಜಾಡಿಯ ಮುಚ್ಚಳ ತೆಗೆಯಲಾರೆ ಎಂದು ಹಟ ಹಿಡಿಯುತ್ತದೆ.

ಹೋದ ತಿಂಗಳು ಒಬ್ಬ ಹೊಸ ಹುಡುಗಿ ಸೇರಿದಳು. ಕೈಕೂಸಿನ ತಾಯಿ, ಮೂರು ವರ್ಷದ ಮೇಲೆ ಕೆಲಸಕ್ಕೆ ಮರಳಿದವಳು. ನನ್ನ ಪುಟ ನೋಡಿಕೊಂಡು ಮಗು ಮಲಗಿದ್ದ ಒಂದು ಮಧ್ಯಾಹ್ನದಲ್ಲೇ ಎಲ್ಲ ಎಬ್ಬಿಸಿ ಕೂರಿಸಿದಳಂತೆ. ನನಗೆ ಹತ್ತು ದಿನ ಹಿಡಿದಿತ್ತು. ಹೊಟ್ಟೆಕಿಚ್ಚಾಯಿತೇ ಎನ್ನುವಿರಾ? ಸ್ವಲ್ಪ! ಆದರೆ ಅವಳು "ಈ ಪುಟ ಬರೆದದ್ದು ಯಾರು?" ಎಂದು ಕೇಳಿದಾಗ ಆ ಕಿಚ್ಚು ಆರಿಹೋಯಿತು. ನನ್ನ ಮೂರು ತಿಂಗಳೂ ಮುಗಿದಿದೆ, ಕೆಲಸ ಉಳಿದಿದೆ.

ನಿಮ್ಮ ಮನೆಯಲ್ಲೂ ಮಗಳೋ ಸೊಸೆಯೋ ರಾತ್ರಿ ಹೊತ್ತು ಕಪ್ಪು ಪರದೆಯ ಮುಂದೆ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದರೆ "ಯಾಕೆ ಬೇಕಿತ್ತು ಇದೆಲ್ಲ" ಎನ್ನಬೇಡಿ. ಒಂದು ಲೋಟ ಕಾಫಿ ಪಕ್ಕದಲ್ಲಿಟ್ಟು ಬನ್ನಿ. ಅಂದಹಾಗೆ, ನನ್ನ ಮಗಳು ಮೊನ್ನೆ ಮೊದಲ ಸಲ ಹುಳಿ ಮಾಡಿದಳು. ಒಂದು ಪುಟ್ಟ ಪಾತ್ರೆಯಲ್ಲಿ, ಅವಳಿಗೆ ಮತ್ತು ನನಗೆ ಮಾತ್ರ. ಉಪ್ಪು ಹೆಚ್ಚಾಗಿತ್ತು. ಇಬ್ಬರೂ ಮೊಸರು ಸುರಿದುಕೊಂಡು ಉಂಡೆವು. ನಮ್ಮತ್ತೆಗೆ ಗೊತ್ತೇ ಆಗಲಿಲ್ಲ!