ಮೂಗೆತ್ತಿದ ಮಾರುತ

ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ವಸ್ತುಸಂಗ್ರಹಾಲಯಕ್ಕೆ ನಾವು ಹೋದದ್ದು ವಿನೋದಕ್ಕಲ್ಲ, ಸಂಕಟ ತಾಳಲಾರದೆ. ಆ ಕಾರ್ಖಾನೆಯಲ್ಲಿ ‘ಮಾರುತ’ ವಿಮಾನಕ್ಕೆ ರಿವೆಟ್ ಹೊಡೆದಿದ್ದ ನಮ್ಮ ಮಾವನವರಿಗೆ, ಎಂಬತ್ತನೆಯ ವರ್ಧಂತಿಯೊಳಗೆ ಅದರ ಪ್ಲಾಸ್ಟಿಕ್ ಪ್ರತಿಕೃತಿಯನ್ನು ಜೋಡಿಸಿಕೊಡುವೆವೆಂದು ಮಾತು ಕೊಟ್ಟಿದ್ದೆವು. ನಿಜವಾದುದರ 72ರಲ್ಲಿ ಒಂದು ಪಾಲು. ಉದ್ದ 22 ಸೆಂಟಿಮೀಟರು. ಇಷ್ಟು ಪುಟ್ಟ ವಸ್ತು ಮೂರು ತಿಂಗಳ ನಿದ್ರೆಯನ್ನು ಕೆಡಿಸೀತೆಂದು ಯಾರು ಬಲ್ಲರು!

ರೆಕ್ಕೆಗೂ ಒಡಲಿಗೂ ನಡುವೆ ಉಗುರು ತೂರುವಷ್ಟು ಸಂದು. ಅದಕ್ಕೆ ಲೇಪವನ್ನು ಮೆತ್ತಿ, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿದೆವು. ಸಂದಿನೊಡನೆ ಮೈಮೇಲಿನ ತಗಡುಗೆರೆಗಳೂ ಅಳಿಸಿಹೋದವು. ಅಂಟಿನ ಆವಿ ತಗುಲಿ ಚಾಲಕನ ಪಾರದರ್ಶಕ ಮುಚ್ಚಳಕ್ಕೆ ಪೊರೆ ಬಂದಿತು. ಕಡೆಗೆ ಚಕ್ರಗಳ ಮೇಲೆ ನಿಲ್ಲಿಸಿದರೆ ಮಹಾರಾಯ ಮೂಗೆತ್ತಿ ಬಾಲದ ಮೇಲೆ ಕುಳಿತುಬಿಟ್ಟ!

ಅಳಿದ ಗೆರೆಗಳನ್ನು ನೋಡಿಕೊಂಡು ಬರೋಣವೆಂದು ಮಾವನವರನ್ನೂ ಕರೆದೊಯ್ದೆವು. ಜರ್ಮನಿಯ ಕುರ್ಟ್ ಟಾಂಕರು ರೂಪಿಸಿದ, 1961ರ ಜೂನ್ 17ರಂದು ಮೊದಲು ಹಾರಿದ ಜಾತಿಯ ವಿಮಾನ, ಮೂರು ಚಕ್ರಗಳ ಮೇಲೆ ಗಂಭೀರವಾಗಿ ನಿಂತಿತ್ತು. ಮಾವನವರು ಬಹಳ ಹೊತ್ತು ಮಾತಾಡಲಿಲ್ಲ.

“ಒಂದು ರಿವೆಟ್ ಓರೆಯಾದರೆ ಕೊರೆದು ತೆಗೆದು ಮತ್ತೆ ಹೊಡೆಯುತ್ತಿದ್ದೆವು, ಅಳಿಯಂದಿರೇ,” ಎಂದರು ಆಮೇಲೆ. “ಇದರ ಮೂಗಿನಲ್ಲಿ ನಾಲ್ಕು ಫಿರಂಗಿಗಳಿರುತ್ತಿದ್ದವು. ನಿಮ್ಮದರ ಮೂಗಿನಲ್ಲೇನಿದೆ?”

ಏನೂ ಇರಲಿಲ್ಲ! ಮನೆಗೆ ಬಂದವರೇ ಅಂಟಿಸಿದ್ದ ಮೂಗನ್ನು ಗರಗಸದಿಂದ ಕೊಯ್ದೆವು. ಸೀಸದ ಗುಂಡುಗಳನ್ನು ಒಂದೊಂದಾಗಿ ಎಣಿಸಿ ಒಳಗೆ ಹಾಕಿದವರು ಮಾವನವರೇ.